ಒದ್ದೆ ಮೈ ಕಾಣದ ಕ್ಯಾಮೆರಾ

ಮೊದಲಿಗೆ ಕ್ಷಮೆ ಕೇಳುತ್ತೇನೆ. ಗ್ರಂಥಾಲಯದ ಈ ದಪ್ಪ ಪುಸ್ತಕದಲ್ಲಿ ನಮ್ಮ ಊರಿನ ಜನರ ಬಗ್ಗೆ ತುಂಬಾ ಮಂದಿ ಬರೆದಿದ್ದಾರೆ. ಅವರೆಲ್ಲರ ಅಕ್ಷರ ಚೆನ್ನಾಗಿದೆ, ನನ್ನದು ಇಲ್ಲ. ಶಾಲೆ ಬಿಟ್ಟು ಎರಡು ವರ್ಷವಾಯಿತು. ಪೆನ್ನು ಹಿಡಿದರೆ ಬೆರಳು ಬಿಗಿಯುತ್ತದೆ, ಬೇಕಾದ ಮಾತು ಬೇಕಾದಾಗ ಸಿಗುವುದಿಲ್ಲ. ಬೇರೆ ಹಾಳೆಯಲ್ಲಿ ಮೂರು ಸಲ ಬರೆದು ತಿದ್ದಿ ಆಮೇಲೆ ಇಲ್ಲಿ ಇಳಿಸುತ್ತಿದ್ದೇನೆ. ತಪ್ಪಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ನಾನು ಬರೆಯುತ್ತಿರುವುದು ನನ್ನ ಸೋದರತ್ತೆಯ ಬಗ್ಗೆ. ಊರಿನವರು ಅವರನ್ನು ಅಳತೆಯಮ್ಮ ಎನ್ನುತ್ತಾರೆ, ನಾನೂ ಹಾಗೆಯೇ ಬರೆಯುತ್ತೇನೆ. ಇದರಲ್ಲಿ ಬರುವ ಅಣ್ಣ, ಅತ್ತಿಗೆ ನನ್ನ ಅಪ್ಪ, ಅಮ್ಮ. ಆದರೆ ಇದು ಅವರ ಕಥೆಯಾದ್ದರಿಂದ ಅವರು ಕರೆಯುವ ಹಾಗೆಯೇ ಇರಲಿ.

ನೀರು ಸರಬರಾಜಿನ ಪಂಪ್ ಹೌಸಿನಲ್ಲಿ ಇಪ್ಪತ್ತಾರು ವರ್ಷದಿಂದ ಅಳತೆಯಮ್ಮನದು ಒಂದೇ ಕೆಲಸ. ಹೊಳೆಯ ನೀರು ಎಷ್ಟಿದೆ ಎಂದು ಗಂಟೆಗೊಮ್ಮೆ ನೋಡಿ ರಿಜಿಸ್ಟರಿನಲ್ಲಿ ಬರೆಯುವುದು. ಪಾಳಿ ಬೆಳಿಗ್ಗೆ ಐದರಿಂದ ಮಧ್ಯಾಹ್ನ ಒಂದರವರೆಗೆ. ಪಂಪ್ ಹೌಸಿನ ಹಿಂಬಾಗಿಲು ತೆರೆದರೆ ಹದಿನಾಲ್ಕು ಕಲ್ಲಿನ ಮೆಟ್ಟಿಲು, ಕೆಳಗೆ ಹೊಳೆ, ಪಕ್ಕದ ಕಂಬದ ಮೇಲೆ ಕಪ್ಪು ಬಿಳಿ ಗೆರೆಗಳ ಅಳತೆಪಟ್ಟಿ. ಒಳಗೆ ಹಸಿರು ಬಣ್ಣದ ಎರಡು ಪಂಪುಗಳು ಗುಂಯ್ ಎನ್ನುತ್ತಿರುತ್ತವೆ. ನೆಲ ಸದಾ ಸಣ್ಣಗೆ ನಡುಗುವುದರಿಂದ ಮೇಜಿನ ಮೇಲೆ ಟೀ ಲೋಟ ಇಟ್ಟರೆ ಟೀಯಲ್ಲಿ ಉಂಗುರ ಉಂಗುರವಾಗಿ ಅಲೆ ಏಳುತ್ತದೆ. ಆ ಉಂಗುರಗಳನ್ನು ನೋಡಿಯೇ ಎಡಗಡೆ ಪಂಪಿನ ಬೇರಿಂಗ್ ಸವೆದಿದೆ ಎಂದು ಅವರು ಒಮ್ಮೆ ಹೇಳಿದ್ದರು. ಬಿಚ್ಚಿ ನೋಡಿದರೆ ಸವೆದಿತ್ತು.

‘ಸುಮಾರು’ ಎಂಬ ಮಾತು ಅವರ ಬಾಯಲ್ಲಿ ಬಂದಿದ್ದನ್ನು ಯಾರೂ ಕೇಳಿಲ್ಲ.

“ನಿಮ್ಮ ತಂಗಿಗೆ ಚಿಟಿಕೆ ಉಪ್ಪು ಹಾಕಿ ಅಂದ್ರೆ ಯಾರ ಚಿಟಿಕೆ ಅಂತ ಕೇಳ್ತಾರೆ,” ಎಂದು ಅತ್ತಿಗೆ ಅಣ್ಣನ ಮುಂದೆ ರೇಗಿಸುತ್ತಿದ್ದರು.

“ನಿಮ್ಮ ಚಿಟಿಕೆ ಆದ್ರೆ ಊಟ ಮಾಡೋಕಾಗಲ್ಲ ಅತ್ತಿಗೆ, ಅದಕ್ಕೇ ಕೇಳಿದ್ದು,” ಎಂದು ಅಳತೆಯಮ್ಮ ತಲೆಯೆತ್ತದೆ ಹೇಳುತ್ತಿದ್ದರು.

ಒಂದು ದಿನ ಬೆಳಿಗ್ಗೆ ನೀರು ಒಂದು ಗೇಣು ಇಳಿದಿತ್ತು. ಬಯಲಾದ ಕೆಸರಿನಲ್ಲಿ ಒಂದು ಹೆಜ್ಜೆ ಕಂಡಿತು. ನಾಯಿಯದಲ್ಲ, ನಾಯಿಗೆ ನಾಲ್ಕು ಬೆರಳು ಮೂಡುತ್ತವೆ, ಇದಕ್ಕೆ ಐದು. ಬೆರಳುಗಳ ನಡುವೆ ತೆಳ್ಳಗೆ ಚರ್ಮ ಎಳೆದ ಹಾಗೆ ಗುರುತು. ಕೆಳಗಿನಿಂದ ಮೂರನೆಯ ಮೆಟ್ಟಿಲ ಮೇಲೆ ಮೀನಿನ ಹುರುಪೆ ತುಂಬಿದ ಕಪ್ಪು ಹಿಕ್ಕೆ. ಅಳತೆಯಮ್ಮ ಸ್ಕೇಲು ತಂದು ಅಳೆದರು. ರಿಜಿಸ್ಟರಿನ ಷರಾ ಕಾಲಮಿನಲ್ಲಿ ಬರೆದರು: ‘ಹೆಜ್ಜೆ ಒಂದು. ಬೆರಳು ಐದು. ಅಗಲ ಏಳು ಸೆಂಟಿಮೀಟರ್. ನೀರುನಾಯಿ ಇರಬೇಕು.’ ಅವರು ಆ ರಿಜಿಸ್ಟರಿನಲ್ಲಿ ‘ಇರಬೇಕು’ ಎಂದು ಬರೆದಿದ್ದು ಅದೇ ಮೊದಲು.

ಆ ವಾರವೆಲ್ಲ ಅವರು ಕಣ್ಣಲ್ಲಿ ಕಣ್ಣಿಟ್ಟು ಹೊಳೆ ನೋಡಿದರು. ಪ್ರಾಣಿ ಕಾಣಲಿಲ್ಲ. ಹೆಜ್ಜೆ ಮಾತ್ರ ದಿನವೂ ಇರುತ್ತಿತ್ತು. ಒಂದು ಬೆಳಿಗ್ಗೆ ಅದರ ಪಕ್ಕದಲ್ಲಿ ಮೂರು ಸೆಂಟಿಮೀಟರಿನ ಪುಟ್ಟ ಪುಟ್ಟ ಹೆಜ್ಜೆಗಳೂ ಮೂಡಿದ್ದವು. ಅವು ಮೆಟ್ಟಿಲಿನಿಂದ ಮೇಲಕ್ಕೆ, ದಡದ ದೊಡ್ಡ ಮರದ ಬೇರುಗಳ ಕಡೆಗೆ ಹೋಗಿದ್ದವು. ಬೇರಿನ ಅಡಿಯಲ್ಲಿ ಒಂದು ಬಿಲ. ಅಳತೆಯಮ್ಮ ಹತ್ತಿರ ಹೋಗಲಿಲ್ಲ. ದೂರದಲ್ಲೇ ನಿಂತರು. ಆ ಕತ್ತಲೊಳಗೆ ಯಾವುದೋ ತಾಯಿ ಉಸಿರು ಬಿಗಿಹಿಡಿದು ತನ್ನನ್ನೇ ನೋಡುತ್ತಿರಬಹುದು ಎನ್ನಿಸಿ ಮೈ ಜುಮ್ಮೆಂದಿತು ಎಂದು ಆಮೇಲೆ ಹೇಳಿದರು.

ಅದೇ ವಾರದ ಗುರುವಾರ ಇಂಜಿನಿಯರ್ ಸಾಹೇಬರು ನಕ್ಷೆ ಹಿಡಿದು ಬಂದರು. ದಡ ಕುಸಿಯುತ್ತಿತ್ತು. ಮೆಟ್ಟಿಲಿನಿಂದ ಹೊಳೆಯ ಮೇಲ್ಗಡೆಗೆ ಇನ್ನೂರು ಮೀಟರ್ ಉದ್ದದ ಕಾಂಕ್ರೀಟ್ ಗೋಡೆ ಕಟ್ಟುವುದಿತ್ತು. ನಕ್ಷೆಯ ಕೆಂಪು ಗೆರೆ ಆ ಮರದ ಬೇರುಗಳ ಮೇಲೇ ಹಾದುಹೋಗಿತ್ತು.

“ಸಾರ್, ಅಲ್ಲಿ ನೀರುನಾಯಿ ಮರಿ ಹಾಕಿದೆ,” ಎಂದರು ಅಳತೆಯಮ್ಮ.

“ನೋಡಿದ್ದೀರಾ?”

“ಹೆಜ್ಜೆ ನೋಡಿದ್ದೀನಿ. ಅಳೆದಿದ್ದೀನಿ.”

ಇಂಜಿನಿಯರ್ ಕೆಟ್ಟವರಲ್ಲ. ರಿಜಿಸ್ಟರಿನ ಷರಾಗಳನ್ನು ಒಂದೊಂದಾಗಿ ಓದಿದರು. “ಅಮ್ಮ, ನನಗೆ ನಿಮ್ಮ ಮೇಲೆ ನಂಬಿಕೆ ಇದೆ. ಆದರೆ ಗೆರೆ ಬದಲಿಸಬೇಕಾದ್ರೆ ನಾನು ಮೇಲಿನವರಿಗೆ ಏನಾದ್ರೂ ತೋರಿಸಬೇಕು. ಕೆಸರಲ್ಲಿರೋ ಹೆಜ್ಜೆನ ಲಕೋಟೆಲಿ ಹಾಕಿ ಕಳಿಸೋಕಾಗುತ್ತಾ? ಒಂದು ಫೋಟೊ ಕೊಡಿ. ಸ್ಪಷ್ಟವಾಗಿರಬೇಕು. ಬರೋ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರ ಯಂತ್ರ ಬರುತ್ತೆ.”

ಹನ್ನೊಂದು ದಿನ. ಅಳತೆಯಮ್ಮ ಬೆರಳಲ್ಲಿ ಎಣಿಸಿದರು.

ಉಗ್ರಾಣದಲ್ಲಿ ಒಂದು ಕ್ಯಾಮೆರಾ ಬಿದ್ದಿತ್ತು. ಮರಕ್ಕೆ ಕಟ್ಟಿ ಬಿಟ್ಟರೆ ಮುಂದೆ ಏನಾದರೂ ಸುಳಿದಾಗ ತಾನೇ ಕ್ಲಿಕ್ಕಿಸುವಂಥದು. ಬೇಲಿ ಹಾರಿ ಕಸ ಎಸೆಯುವವರನ್ನು ಹಿಡಿಯಲೆಂದು ತಂದಿದ್ದರು. ಒಂದು ತಿಂಗಳು ಕಟ್ಟಿದಾಗ ಸಿಕ್ಕಿದ್ದು ಕಾವಲುಗಾರ ಬನಿಯನ್ನಿನಲ್ಲಿ ಬಸ್ಕಿ ಹೊಡೆಯುವ ನಾನೂರು ಚಿತ್ರ ಮಾತ್ರ. ಅದನ್ನು ನೋಡಿ ಕಚೇರಿಯಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕ ಮೇಲೆ ಕಾವಲುಗಾರ ಬಸ್ಕಿಯನ್ನೂ ಬಿಟ್ಟ, ಕ್ಯಾಮೆರಾ ಕಟ್ಟುವುದನ್ನೂ ಬಿಟ್ಟ.

“ತಗೊಂಡು ಹೋಗಿ ಅಳತೆಯಮ್ಮ,” ಎಂದರು ಉಗ್ರಾಣದವರು. “ಅದು ಇಲ್ಲಿದ್ರೆ ನನಗೇ ಭಯ.”

ಅದನ್ನು ಎಲ್ಲಿ ಕಟ್ಟಬೇಕು ಎಂದು ಹೇಳಿದ್ದು ಅಣ್ಣ. ಮನೆಯ ಮುಂದಿನ ಕೋಣೆಯೇ ಅವರ ಫೋಟೊ ಸ್ಟುಡಿಯೊ. ಗುರುತಿನ ಚೀಟಿಗೆ ಫೋಟೊ ತೆಗೆಸಲು ಬಂದವರಿಗೆಲ್ಲ “ಗದ್ದ ಸ್ವಲ್ಪ ಮೇಲೆ” ಎಂದು ಹೇಳಿ ಹೇಳಿ, ಮನೆಯಲ್ಲಿ ಊಟ ಬಡಿಸುವವರಿಗೂ ಹಾಗೇ ಹೇಳುವ ಅಭ್ಯಾಸವಾಗಿಬಿಟ್ಟಿದೆ.

“ಅದು ನೀರಿಂದ ಎದ್ದು ಬರೋ ಜಾಗ ಗೊತ್ತಲ್ಲ ನಿನಗೆ? ಅಲ್ಲೇ ಕಟ್ಟು. ಬಾಗಿಲಲ್ಲಿ ನಿಂತರೆ ಮನೆಯವರೆಲ್ಲ ಸಿಗ್ತಾರೆ,” ಎಂದರು.

ಅಳತೆಯಮ್ಮ ಮೂರನೆಯ ಮೆಟ್ಟಿಲಿಗೆ ಸರಿಯಾಗಿ ಗುರಿಯಿಟ್ಟು ಕಟ್ಟಿದರು. ಎತ್ತರ ನಲವತ್ತು ಸೆಂಟಿಮೀಟರ್, ದೂರ ಎರಡು ಮೀಟರ್. ಪ್ರತಿದಿನ ಪಾಳಿ ಮುಗಿದ ಮೇಲೆ ಅದರ ಮೆಮೊರಿ ಕಾರ್ಡ್ ತೆಗೆದು ಸ್ಟುಡಿಯೊದ ಕಂಪ್ಯೂಟರಿನಲ್ಲಿ ಹಾಕಿ ನೋಡುವುದು. ಮೊದಲ ದಿನ ಒಂದು ಇಲಿ. ಎರಡನೆಯ ದಿನ ಬೆಕ್ಕು. ಮೂರನೆಯ ದಿನ ಒಂದು ಕೊಕ್ಕರೆ, ಕ್ಯಾಮೆರಾದೊಳಗೇ ಕಣ್ಣಿಟ್ಟು ಇಣುಕಿದ್ದು. ದಿನವೂ ಆರು ಗಂಟೆಗೆ ಅಳತೆ ನೋಡಲು ಇಳಿಯುವ ಅಳತೆಯಮ್ಮನ ಚಪ್ಪಲಿ. ನೀರುನಾಯಿ ಮಾತ್ರ ಇಲ್ಲ.

ವಿಚಿತ್ರ ಏನೆಂದರೆ, ಐದೂ ಹತ್ತಕ್ಕೆ ಬಂದ ಕೊಕ್ಕರೆಯ ಚಿತ್ರದಲ್ಲಿ ಕಲ್ಲು ಸ್ವಚ್ಛವಾಗಿತ್ತು. ಆರು ಗಂಟೆಯ ಚಪ್ಪಲಿಯ ಚಿತ್ರದಲ್ಲಿ ಅದೇ ಕಲ್ಲಿನ ಮೇಲೆ ಹಸಿ ಹಿಕ್ಕೆ ಇತ್ತು. ನಡುವೆ ಏನೂ ಇಲ್ಲ. ಕ್ಯಾಮೆರಾದ ಕಣ್ಣೆದುರೇ ಬಂದು, ಕೂತು, ಹೋಗಿದೆ. ಕ್ಯಾಮೆರಾ ರೆಪ್ಪೆ ಕೂಡ ಅಲ್ಲಾಡಿಸಿಲ್ಲ.

“ದೆವ್ವ ಇರಬೇಕು,” ಎಂದರು ಅತ್ತಿಗೆ.

“ದೆವ್ವ ಮೀನು ತಿನ್ನುತ್ತಾ ಅತ್ತಿಗೆ?”

“ನಿಮ್ಮ ಅಣ್ಣ ಮದುವೆಗೆ ಮುಂಚೆ ತಿಂತಿರಲಿಲ್ಲ, ಈಗ ತಿಂತಾರೆ. ಯಾರಿಗೆ ಗೊತ್ತು?”

ಅಳತೆಯಮ್ಮ ನಕ್ಕರು, ಆದರೆ ಊಟದ ನಡುವೆಯೂ ಉಳಿದ ದಿನ ಎಣಿಸಿದರು. ಹೀಗೇ ಆರು ಬೆಳಿಗ್ಗೆ ಕಳೆದುಹೋದವು.

ಆರನೆಯ ಬೆಳಿಗ್ಗೆ, ಬುಧವಾರ, ನೀರು ಎಳೆಯುವ ಬಾಯಿಯ ಜಾಲರಿಗೆ ಎಲೆ ಕಟ್ಟಿಕೊಂಡಿತ್ತು. ಅಳತೆಯಮ್ಮ ತಲೆಗೆ ಟೊಪ್ಪಿಗೆ ಇರುವ ರಬ್ಬರ್ ಕೋಟು ತೊಟ್ಟು ತೊಡೆಮಟ್ಟದ ನೀರಿಗಿಳಿದರು. ಕೈಬಲೆಯಿಂದ ಎಲೆ ಎಳೆದಂತೆಲ್ಲ ತಣ್ಣೀರು ಮೈಮೇಲೆ ಎರಚಿತು. ಐದೂ ಐವತ್ತಕ್ಕೆ ಮೆಟ್ಟಿಲು ಹತ್ತಿ ಬಂದು, ಮೂರನೆಯ ಮೆಟ್ಟಿಲ ಮೇಲೆ ಕ್ಯಾಮೆರಾಕ್ಕೆ ಬೆನ್ನು ಹಾಕಿ ನಿಂತು, ಬಲೆಯಿಂದ ಎಲೆ ಕೊಡವಿದರು. ಆರು ಗಂಟೆಗೆ ಟೊಪ್ಪಿಗೆ ಹಿಂದಕ್ಕೆ ತಳ್ಳಿ ತಿರುಗಿ ಅಳತೆಪಟ್ಟಿ ನೋಡಿದರು.

ಮಧ್ಯಾಹ್ನ ಚಿತ್ರ ನೋಡುವಾಗ ಅವರ ಮುಖದ ಒಂದೇ ಒಂದು ಚಿತ್ರವಿತ್ತು. ಸಮಯ ಆರು ಗಂಟೆ ಸೊನ್ನೆ ನಿಮಿಷ.

“ಅಣ್ಣ, ಹತ್ತು ನಿಮಿಷ ಅಲ್ಲೇ ಇದ್ದೆ. ಕುಣಿದ ಹಾಗೆ ಅಲ್ಲಾಡ್ತಿದ್ದೆ. ಒಂದೂ ಇಲ್ಲ.”

“ಕೆಟ್ಟಿರಬೇಕು ಬಿಡು.”

“ಕೆಟ್ಟಿದ್ರೆ ಮುಖ ಹೇಗೆ ಬಂತು?”

ಅಳತೆಯಮ್ಮ ಕುರ್ಚಿಯಿಂದ ಎದ್ದರು. ಕ್ಯಾಮೆರಾವನ್ನು ಸ್ಟುಡಿಯೊದ ಮೇಜಿನ ಮೇಲಿಟ್ಟು, ಪರೀಕ್ಷೆಯ ಗುಂಡಿ ಒತ್ತಿದರು. ಅದಕ್ಕೆ ಏನಾದರೂ ಕಂಡರೆ ಸಣ್ಣ ಕೆಂಪು ದೀಪ ಮಿನುಗುತ್ತದೆ. ಬರಿಗೈ ಆಡಿಸಿದರು. ಮಿನುಗಿತು. ರಬ್ಬರ್ ಕೋಟನ್ನು ತಣ್ಣೀರಿನ ಬಕೆಟಿನಲ್ಲಿ ಅದ್ದಿ, ಅದನ್ನು ಕೈಗೆ ಸುತ್ತಿಕೊಂಡು ಆಡಿಸಿದರು. ದೀಪ ಸುಮ್ಮನಿತ್ತು. ಇನ್ನೂ ಜೋರಾಗಿ ಬೀಸಿದರು. ಸುಮ್ಮನೇ ಇತ್ತು. ಅಷ್ಟರಲ್ಲಿ ನೆಲವೆಲ್ಲ ನೀರಾಯಿತೆಂದು ಬೈಯುತ್ತ ಅತ್ತಿಗೆ ಬಂದರು. ದೀಪ ಕೆಂಪಗೆ ಮಿನುಗಿತು.

“ನನ್ನ ಕಂಡ್ರೆ ಮಾತ್ರ ಯಾಕೆ ಇದಕ್ಕೆ ಕಣ್ಣು ಕೆಂಪಾಗೋದು?”

“ನೀವು ಬಿಸಿ ಇದ್ದೀರ ಅತ್ತಿಗೆ! ಇದಕ್ಕೆ ಪ್ರಾಣಿ ಕಾಣಲ್ಲ, ಬಿಸಿ ಕಾಣುತ್ತೆ!” ಅಳತೆಯಮ್ಮ ಅಷ್ಟು ಜೋರಾಗಿ ಮಾತಾಡಿದ್ದನ್ನು ಆ ಮನೆ ಕೇಳಿರಲಿಲ್ಲ. “ನೀರುನಾಯಿ ಹೊಳೆಯಿಂದ ಎದ್ದಾಗ ಅದರ ತುಪ್ಪಳದ ಮೇಲೆಲ್ಲ ತಣ್ಣೀರು. ಒಳಗೆ ಬೆಚ್ಚಗಿದ್ರೂ ಹೊರಗೆ ಹೊಳೆಯಷ್ಟೇ ತಣ್ಣಗೆ. ಈ ಕ್ಯಾಮೆರಾಕ್ಕೆ ಅದು ಹೊಳೆಯ ಒಂದು ತುಂಡು, ಅಷ್ಟೆ.”

ಹೇಳಿ ಮುಗಿಸಿ ಅವರು ಕೋಟನ್ನು ಬಕೆಟಿಗೆ ಬಿಟ್ಟರು. ಹೊಳೆಯ ಒಂದು ತುಂಡು ಎದ್ದು ನಾಲ್ಕು ಕಾಲಿನ ಮೇಲೆ ನಡೆದು ಹೋಗುವುದು ಅವರ ಕಣ್ಣಿಗೆ ಕಟ್ಟಿತ್ತು. ಆರು ದಿನ ಹಾಳಾಯಿತೆಂಬ ಸಿಟ್ಟು ಬರಬೇಕಿತ್ತು. ಬರಲಿಲ್ಲ.

ಅಣ್ಣ ತಲೆ ಕೆರೆದುಕೊಂಡರು. “ತಪ್ಪು ನನ್ನದು. ಬಾಗಿಲಲ್ಲಿ ಕಟ್ಟು ಅಂದೆ. ಮೈ ಒರೆಸಿಕೊಳ್ಳೋ ಜಾಗದಲ್ಲಿ ಕಟ್ಟಬೇಕಿತ್ತು.”

ಮರುದಿನ ಅಳತೆಯಮ್ಮ ಆ ಜಾಗ ಹುಡುಕಿದರು. ಮರದ ಬೇರುಗಳ ಕೆಳಗೆ ಚಾಪೆಯಷ್ಟಗಲದ ಮರಳು. ಯಾರೋ ಹೊರಳಾಡಿದ ಹಾಗೆ ಅದು ಕೆದರಿತ್ತು, ಪಕ್ಕದ ಹುಲ್ಲು ಮಲಗಿತ್ತು. ಕ್ಯಾಮೆರಾವನ್ನು ಅಲ್ಲಿಗೆ ಬದಲಿಸಿದರು. ಶುಕ್ರವಾರ ಒಂದು ಚಿತ್ರ ಸಿಕ್ಕಿತು: ಬೂದು ಬಣ್ಣದಲ್ಲಿ ಕಲಸಿಹೋದ ಒಂದು ಬೆನ್ನು, ಒಂದು ದಪ್ಪ ಬಾಲದ ಬುಡ.

ಇಂಜಿನಿಯರ್ ಅದನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. “ಬೆಕ್ಕೂ ಇರಬಹುದಲ್ವಾ ಅಮ್ಮ?”

“ಬಾಲದ ಬುಡ ನೋಡಿ ಸಾರ್.”

“ನೀವು ಹೇಳಿದ ಮೇಲೆ ನನಗೆ ಕಾಣುತ್ತೆ. ಮೇಲಿನವರ ಪಕ್ಕದಲ್ಲಿ ನೀವು ನಿಂತಿರಲ್ವಲ್ಲ.” ಅವರಿಗೂ ಬೇಸರವಾಗಿತ್ತು. “ಸೋಮವಾರ ಬೆಳಿಗ್ಗೆ ಎಂಟರವರೆಗೆ ನೋಡ್ತೀನಿ.”

ಉಳಿದದ್ದು ಶನಿವಾರ, ಭಾನುವಾರ. ಉಗ್ರಾಣದ ಕ್ಯಾಮೆರಾದಿಂದ ಇದಕ್ಕಿಂತ ಸ್ಪಷ್ಟ ಚಿತ್ರ ಬರುವುದಿಲ್ಲವೆಂದು ಅಣ್ಣ ಬೀರುವಿನಿಂದ ತಮ್ಮ ಹಳೆಯ ಕ್ಯಾಮೆರಾ ತೆಗೆದರು. ಫುಟ್‌ಬಾಲ್ ಪಂದ್ಯಗಳ ಫೋಟೊ ತೆಗೆಯುತ್ತಿದ್ದ ಕಾಲದ ಉದ್ದ ಲೆನ್ಸನ್ನು ಒರೆಸಿ ಹಾಕಿದರು. ಅದನ್ನು ಅವರು ಯಾರಿಗೂ ಮುಟ್ಟಲು ಕೊಟ್ಟವರಲ್ಲ.

“ಫ್ಲ್ಯಾಶ್ ಬೇಡವೇ ಬೇಡ. ಮರಿ ಇರೋ ತಾಯಿ ಹೆದರಿದ್ರೆ ಮರಿ ಬಾಯಲ್ಲಿ ಕಚ್ಕೊಂಡು ಹೊರಟೇಹೋಗುತ್ತೆ. ಬೆಳಕು ಬರೋವರೆಗೆ ಕಾಯಿ. ಬೆಳಕಿಲ್ಲದಾಗ ಒತ್ತಿದ್ರೆ ಮತ್ತೆ ಅದೇ ಬೆಕ್ಕು.”

“ಮರಳಿನ ಮೇಲೆ ಬಿಸಿಲು ಆರೂ ಮೂವತ್ತೊಂದಕ್ಕೆ ಬೀಳುತ್ತೆ,” ಎಂದರು ಅಳತೆಯಮ್ಮ. ಅದನ್ನೂ ನೋಡಿಟ್ಟಿದ್ದರು.

ಗೋಡೆ ಕೆಲಸಕ್ಕೆಂದು ದಡದಲ್ಲಿ ದೊಡ್ಡ ಸಿಮೆಂಟ್ ಪೈಪುಗಳನ್ನು ಇಳಿಸಿದ್ದರು. ಮರಳಿನಿಂದ ಹದಿನಾಲ್ಕು ಮೀಟರ್ ದೂರದ ಒಂದು ಪೈಪಿನೊಳಗೆ, ಪಾಳಿಯನ್ನು ಇನ್ನೊಬ್ಬರೊಂದಿಗೆ ಬದಲಾಯಿಸಿಕೊಂಡು, ಶನಿವಾರ ಬೆಳಿಗ್ಗೆ ಅಳತೆಯಮ್ಮ ಹೋಗಿ ಕೂತರು. ಲೆನ್ಸಿನ ಕೆಳಗೆ ಮರಳು ತುಂಬಿದ ಚೀಲ. ಗಾಳಿ ಹೊಳೆಯ ಕಡೆಯಿಂದ ತಮ್ಮ ಕಡೆಗೆ ಬರುತ್ತಿದೆಯೇ ಎಂದು ಒಂದು ದಾರದ ಎಳೆ ಕಟ್ಟಿ ನೋಡಿಕೊಂಡರು. ಪೈಪಿನ ತಣ್ಣನೆಯ ಕಾಂಕ್ರೀಟು ಬೆನ್ನಿಗಂಟಿತು. ಕಾಲು ಜೋಮು ಹಿಡಿಯಿತು. ಅವರು ಅಲ್ಲಾಡಲಿಲ್ಲ.

ಆರೂ ಇಪ್ಪತ್ತಾರಕ್ಕೆ ನೀರಿನ ಮೇಲೆ ಗುಳ್ಳೆಗಳ ಸಾಲೊಂದು ದಡದ ಕಡೆಗೆ ಬಂತು. ಆ ಸಾಲಿನ ತುದಿಯಲ್ಲಿ ತಲೆಯೊಂದು ಎದ್ದಿತು. ಒಂದಿಷ್ಟೂ ಸದ್ದಿಲ್ಲ. ನೀರು ಹರಿದ ಹಾಗೆಯೇ ಅದು ಮರಳಿನ ಮೇಲೆ ಹರಿದು ಬಂದು ನಿಂತಿತು. ಮೈ ಕೊಡವಿತು. ನುಣುಪಾಗಿ ಅಂಟಿಕೊಂಡಿದ್ದ ತುಪ್ಪಳ ಮುಳ್ಳು ಮುಳ್ಳಾಗಿ ಎದ್ದು ನಿಂತಿತು. ಬೆನ್ನು ಕೆಳಗೆ ಮಾಡಿ, ನಾಲ್ಕೂ ಕಾಲು ಆಕಾಶಕ್ಕೆತ್ತಿ, ಎಳೆಮಗು ಹಾಸಿಗೆಯಲ್ಲಿ ಹೊರಳುವಂತೆ ಹೊರಳಿತು. ಇಪ್ಪತ್ತಾರು ವರ್ಷ ಹೊಳೆಯನ್ನು ಗೆರೆಗಳಲ್ಲಿ ಓದಿದ್ದ ಅಳತೆಯಮ್ಮ ಮೊದಲ ಸಲ ಹೊಳೆಯನ್ನೇ ನೋಡುತ್ತಿರುವ ಹಾಗೆ ಕೂತುಬಿಟ್ಟರು. ಇಷ್ಟು ದಿನ ನಾನು ಬರೆದ ನೀರಿನ ಒಳಗೆ ಇದು ಇತ್ತೇ ಎಂದುಕೊಂಡರು. ಬಿಸಿಲು ಬಿದ್ದದ್ದು ಗೊತ್ತಾಯಿತು. ಅದು ಎದ್ದು ಬೇರಿನೊಳಗೆ ನುಸುಳಿದ್ದೂ ಗೊತ್ತಾಯಿತು. ಬೆರಳು ಗುಂಡಿಯ ಮೇಲೆಯೇ ಇತ್ತು. ಒತ್ತಿರಲಿಲ್ಲ.

ಮನೆಗೆ ಬಂದು ಕ್ಯಾಮೆರಾ ಅಣ್ಣನ ಕೈಗೆ ಕೊಟ್ಟರು.

“ಒಂದೂ ಇಲ್ಲ?”

“ಬಂದಿತ್ತು ಅಣ್ಣ. ಬಿಸಿಲೂ ಇತ್ತು. ಕೈಯೇ ಬರಲಿಲ್ಲ.” ಹೇಳುತ್ತ ಹೇಳುತ್ತ ಅವರ ಕಣ್ಣಲ್ಲಿ ನೀರು ತುಂಬಿತು. “ನಾಳೆ ಬರದಿದ್ರೆ ನಾನೇ ಅದರ ಮನೆ ಕೆಡವಿದ ಹಾಗೆ.”

“ಬರೀ ನೋಡೋದೇ ಕೆಲಸ ಆದವರಿಗೆ ಇನ್ನೇನಾಗುತ್ತೆ,” ಎಂದು ಅತ್ತಿಗೆ ಶುರು ಮಾಡಿದರು.

ಅಣ್ಣ ಕೈಯೆತ್ತಿ ತಡೆದರು. “ಸುಮ್ನಿರು. ಮಗಳು ಹುಟ್ಟಿದ ದಿನ ನಾನೂ ಇದೇ ಕ್ಯಾಮೆರಾ ಕುತ್ತಿಗೆಗೆ ಹಾಕ್ಕೊಂಡು ನಿಂತಿದ್ದೆ. ಮುಖ ನೋಡ್ತಾ ನಿಂತವನು ಒತ್ತಲೇ ಇಲ್ಲ.”

“ಅದೂ ನಿಜ,” ಎಂದರು ಅತ್ತಿಗೆ, ನನ್ನ ಕಡೆ ನೋಡಿ, ದನಿ ತಗ್ಗಿಸಿ. “ಫೋಟೊ ಸ್ಟುಡಿಯೊದವರ ಮಗಳಿಗೆ ಹುಟ್ಟಿದ ದಿನದ್ದೊಂದು ಫೋಟೊ ಇಲ್ಲ.”

“ನೋಡು ತಂಗಿ, ಮೊದಲು ಕಣ್ತುಂಬ ನೋಡಿಬಿಡು. ತಡೀಬೇಡ. ಆಮೇಲೆ ಮನಸಲ್ಲಿ ಹತ್ತು ಎಣಿಸು. ನಿನಗೆ ಎಣಿಸೋದು ಬರುತ್ತಲ್ಲ. ಹತ್ತಕ್ಕೆ ಒತ್ತು.”

ಭಾನುವಾರ ಮಂಜಿತ್ತು. ಅಳತೆಯಮ್ಮನ ಎದೆ ಹೊಡೆದುಕೊಳ್ಳುವ ಸದ್ದು ಪೈಪಿನ ಗೋಡೆಗೆ ತಾಗಿ ಅವರಿಗೇ ಕೇಳುತ್ತಿತ್ತು. ಈ ಸಲ ಗುಳ್ಳೆಗಳು ಬೇಗ ಬಂದವು, ಆರೂ ಇಪ್ಪತ್ತಕ್ಕೆ. ತಾಯಿ ಎದ್ದು ಬಂತು. ಬೇರಿನ ಕಡೆ ತಿರುಗಿ ಸಿಳ್ಳೆಯ ಹಾಗೆ ಸಣ್ಣ ಸದ್ದು ಮಾಡಿತು. ಕತ್ತಲೊಳಗಿನಿಂದ ಎರಡು ಮರಿಗಳು ಉರುಳಿಕೊಂಡು ಬಂದವು. ಇನ್ನೂ ಸರಿಯಾಗಿ ಕಾಲು ಬಾರದ, ಕಾಲ್ಚೀಲದಂಥ ಮರಿಗಳು. ಒಂದು ತಾಯಿಯ ಬಾಲ ಕಚ್ಚಿತು, ಇನ್ನೊಂದು ಅದರ ಬಾಲ ಕಚ್ಚಿತು.

ಮರಳು ಇನ್ನೂ ಬೂದಿ ಬಣ್ಣದಲ್ಲೇ ಇತ್ತು. ಈಗ ಒತ್ತಿದರೆ ಮತ್ತೆ ಅದೇ ಬೆಕ್ಕು. ಒತ್ತದೆ ಹೋದರೆ, ಅವು ಈಗಲೇ ಒಳಗೆ ಹೋಗಿಬಿಟ್ಟರೆ, ನಾಳೆ ಎಂಟಕ್ಕೆ ಯಂತ್ರ. ಬಿಸಿಲಿಗೆ ಇನ್ನೂ ಹನ್ನೊಂದು ನಿಮಿಷ. ಅಳತೆಯಮ್ಮ ಹೇಳುವ ಪ್ರಕಾರ ಅವರ ಐವತ್ತೆರಡು ವರ್ಷದಲ್ಲಿ ಅಷ್ಟು ಉದ್ದದ ಹನ್ನೊಂದು ನಿಮಿಷ ಬೇರೆ ಇಲ್ಲ. ಆದರೆ ಅವರು ಆ ಹೊತ್ತನ್ನು ವ್ಯರ್ಥ ಮಾಡಲಿಲ್ಲ. ಅಣ್ಣ ಹೇಳಿದಂತೆ ಕಣ್ತುಂಬ ನೋಡಿದರು. ತಾಯಿ ಒಂದು ಮರಿಯನ್ನು ಎದೆಯ ಮೇಲೆ ಹಾಕಿಕೊಂಡು ನೆಕ್ಕಿತು. ಇನ್ನೊಂದು ಮರಿ ತನ್ನದೇ ನೆರಳನ್ನು ಹುಡುಕುವಂತೆ ಮರಳು ಕೆದಕಿತು.

ಆರೂ ಮೂವತ್ತೊಂದಾಯಿತು. ಮಂಜಿಗೆ ಬಿಸಿಲು ಕಾಣಲಿಲ್ಲ. ಮೂವತ್ತೆರಡು. ಮೂವತ್ತಮೂರು. ಆಗ ಮರದ ತುದಿಯಲ್ಲಿ ಮಂಜು ಸರಿಯಿತು. ಬೆಳಕು ಕಾಂಡದ ಮೇಲೆ ನಿಧಾನವಾಗಿ, ಅಳತೆಪಟ್ಟಿಯ ಮೇಲೆ ನೀರು ಇಳಿಯುವ ಹಾಗೆ, ಗೆರೆ ಗೆರೆಯಾಗಿ ಕೆಳಗಿಳಿಯಿತು. ಬೇರಿಗೆ ಬಂತು. ಮರಳಿಗೆ ಬಂತು. ಒದ್ದೆ ತುಪ್ಪಳದ ತುದಿ ತುದಿಯಲ್ಲಿ ಒಂದೊಂದು ಹನಿ ಹೊಳೆಯಿತು. ತಾಯಿಯ ಬೆನ್ನಿನಿಂದ ತೆಳ್ಳಗೆ ಆವಿ ಏಳತೊಡಗಿತು, ಬಿಸಿಲಿನ ಬಣ್ಣದ ಆವಿ. ಅಳತೆಯಮ್ಮ ಎಣಿಸಿದರು. ಏಳು. ಎಂಟು. ಒಂಬತ್ತಕ್ಕೆ, ಯಾರೂ ಹೇಳದೆ, ತಾಯಿ ಗದ್ದ ಸ್ವಲ್ಪ ಮೇಲೆತ್ತಿತು.

ಹತ್ತು. ಒತ್ತಿದರು.

ಮೂರೂ ತಲೆಗಳು ಒಟ್ಟಿಗೆ ಪೈಪಿನ ಕಡೆ ತಿರುಗಿದವು. ಅಳತೆಯಮ್ಮ ಉಸಿರು ಬಿಡಲಿಲ್ಲ. ತಾಯಿ ಮೂಗು ಅರಳಿಸಿ ನೋಡಿತು, ನೋಡುತ್ತಲೇ ಇತ್ತು, ಆಮೇಲೆ ಏನೂ ಇಲ್ಲವೆಂಬಂತೆ ಮತ್ತೆ ನೆಕ್ಕತೊಡಗಿತು. ಇನ್ನೆರಡು ಸಲ ಒತ್ತಿದರು. ಸಾಕು ಎನ್ನಿಸಿತು. ಕ್ಯಾಮೆರಾದಿಂದ ಕಣ್ಣು ತೆಗೆದು, ಅವು ಒಳಗೆ ಹೋಗುವವರೆಗೂ ಬರಿಗಣ್ಣಿನಿಂದ ನೋಡಿದರು.

ಸೋಮವಾರ ಎಂಟಕ್ಕೆ ಯಂತ್ರ ಬಂದು ನಿಂತಿತ್ತು. ಪಂಪ್ ಹೌಸಿನ ಮೇಜಿನ ಮುಂದೆ ಇಂಜಿನಿಯರ್ ಫೋಟೊ ಹಿಡಿದು ಕೂತರು. ಕೊಟ್ಟ ಟೀ ಮುಟ್ಟಲೇ ಇಲ್ಲ. ಟೀಯ ಉಂಗುರಗಳು ಮಾತ್ರ ಅಲ್ಲಾಡುತ್ತಿದ್ದವು.

“ಇದರ ಮೈಯಿಂದ ಹೊಗೆ ಬರ್ತಿದೆಯಲ್ಲಮ್ಮ.”

“ಆವಿ ಸಾರ್. ಒಣಗ್ತಿದೆ.”

“ನಾನು ಈ ದಡದ ಮೇಲೆ ನಾಲ್ಕು ವರ್ಷದಿಂದ ಓಡಾಡ್ತಿದ್ದೀನಿ.” ಮತ್ತೆ ಫೋಟೊ ನೋಡಿದರು. “ಬೇರು ದಡದ ಉದ್ದಕ್ಕೆ ಎಷ್ಟು ದೂರ ಹರಡಿದೆ?”

“ಹನ್ನೊಂದು ಮೀಟರ್ ನಲವತ್ತು ಸೆಂಟಿಮೀಟರ್.”

ಇಂಜಿನಿಯರ್ ನಕ್ಕು, ಕಿವಿಯ ಹಿಂದಿನಿಂದ ಪೆನ್ಸಿಲ್ ತೆಗೆದು, ಮರದ ಹಿಂದೆ ಕೆಂಪು ಗೆರೆಯನ್ನು ಬಾಗಿಸಿದರು. “ಇಲ್ಲಿ ಗೋಡೆ ಎರಡು ಮೀಟರ್ ಹಿಂದೆ ಹೋಗಲಿ. ಫೋಟೊ ಇಟ್ಟು ಇವತ್ತೇ ಕಳಿಸ್ತೀನಿ. ಉತ್ತರ ಬರೋವರೆಗೆ ಆ ತುದಿಯಿಂದ ಕೆಲಸ ಶುರು ಮಾಡಿಸ್ತೀನಿ.”

“ಮೂರು ಮೀಟರ್ ಆಗಲಿ ಸಾರ್.”

“ಎರಡೂವರೆ. ಇದೇನು ತರಕಾರಿ ವ್ಯಾಪಾರವಾ ಅಮ್ಮ?”

ಉತ್ತರ ಒಂಬತ್ತನೆಯ ದಿನ ಬಂತು. ಗೋಡೆ ಈಗ ಕಟ್ಟಿ ಮುಗಿದಿದೆ. ದಡದಲ್ಲಿ ನಡೆದುಹೋಗುವವರು ನೇರ ಗೋಡೆ ಮರದ ಹತ್ತಿರ ಯಾಕೆ ಬಾಗಿದೆ ಎಂದು ಕೇಳುತ್ತಾರೆ. ಸ್ಟುಡಿಯೊದ ಗಾಜಿನಲ್ಲಿ, ಗುರುತಿನ ಚೀಟಿಯ ಗಂಭೀರ ಮುಖಗಳ ನಡುವೆ, ಗದ್ದ ಎತ್ತಿದ ನೀರುನಾಯಿಯ ಫೋಟೊ ಇದೆ. ಅಳತೆಯಮ್ಮ ಈಗಲೂ ಆರು ಗಂಟೆಗೆ ಮೆಟ್ಟಿಲಿಳಿದು ನೀರಿನ ಮಟ್ಟ ಬರೆಯುತ್ತಾರೆ. ಷರಾ ಕಾಲಮಿನಲ್ಲಿ ನಿನ್ನೆ ಬರೆದದ್ದು ಹೀಗಿದೆ: ‘ಮರಿಯ ಹೆಜ್ಜೆ ಐದು ಸೆಂಟಿಮೀಟರ್ ಆಗಿದೆ.’

ನಾಳೆ ಬೆಳಿಗ್ಗೆ ಐದಕ್ಕೆ ನಾನು ಅತ್ತೆಯ ಜೊತೆ ಹೋಗಿ ಮರಳಿನ ಹತ್ತಿರದ ಕ್ಯಾಮೆರಾದ ಬ್ಯಾಟರಿ ಬದಲಾಯಿಸುತ್ತೇನೆ.